ಮನೆಗೊಬ್ಬ ಖಳನಾಯಕ

ಒಬ್ಬ ಖಳನಾಯಕ ಇಡೀ ನಾಡಿಗೆ ಸಾಕಾಗುತ್ತಿದ್ದ ಕಾಲ ಮುಗಿದುಹೋಗಿತ್ತು. ಈಗ ಮನೆಗೊಬ್ಬ ಬೇಕು. ಸಂಜೆ ‘ಏಳು ಮಕ್ಕಳ ಮನೆ’ ಧಾರಾವಾಹಿ ಶುರುವಾದರೆ ಕಥೆ ಎಲ್ಲರಿಗೂ ಒಂದೇ, ಮಾತೂ ಒಂದೇ. ಮುಖಗಳು ಮಾತ್ರ ಮನೆಯಿಂದ ಮನೆಗೆ ಬೇರೆ, ಅದರಲ್ಲೂ ಮಕ್ಕಳ ಕಳ್ಳನದು. ‘ಮನೆಮಾತು’ ವಾಹಿನಿಯವರು ಕೊಡುವ ಟಿವಿ ಪೆಟ್ಟಿಗೆಯ ಹಣೆಯಲ್ಲಿ ಕಡಲೆಕಾಳಿನಷ್ಟು ಒಂದು ಕಣ್ಣಿತ್ತು. ಕೂತು ನೋಡುವವರ ಕೆನ್ನೆಯಲ್ಲಿ ರಕ್ತ ಏರಿಳಿಯುವುದನ್ನು ಕಂಡೇ ಅದು ನಾಡಿ ಹಿಡಿಯುತ್ತಿತ್ತು. ಯಾವ ಮುಖ ಬಂದಾಗ ಎದೆ ಹೆಚ್ಚು ಬಡಿದುಕೊಂಡಿತೋ, ರಿಮೋಟಿನ ಕಡೆ ಕೈ ಹೋಗಲಿಲ್ಲವೋ, ಮರುದಿನ ಆ ಮನೆಗೆ ಅಂಥದೇ ಮುಖ. ಒಂದು ಮನೆಯಲ್ಲಿ ಕಳ್ಳನಿಗೆ ಗಡ್ಡ, ಪಕ್ಕದ ಮನೆಯಲ್ಲಿ ಹಣೆತುಂಬ ಕುಂಕುಮ, ಅದರಾಚೆಯ ಮನೆಯಲ್ಲಿ ಈಶಾನ್ಯದವರ ಸಣ್ಣ ಕಣ್ಣು. ಯಾರನ್ನು ಕಂಡರೆ ಹೆದರುತ್ತೇವೆಂಬುದನ್ನು ಜನ ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ. ಪೆಟ್ಟಿಗೆಗೆ ಗೊತ್ತಾಗುತ್ತಿತ್ತು. ಓಣಿಯ ಹೆಂಗಸರು ಮಾರನೇ ದಿನ ಕಥೆಯ ಬಗ್ಗೆ ಬೇಕಾದಷ್ಟು ಹರಟುತ್ತಿದ್ದರು, ಮುಖದ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ.

ಕಾತ್ರಿನ್ ಸಿದ್ದಿ ಹುಬ್ಬಳ್ಳಿಯಲ್ಲಿ ಆ ವಾಹಿನಿಯ ನಿಯಂತ್ರಣ ಕೊಠಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಯಂತ್ರ ಹೆಣೆದ ಮುಖಗಳಲ್ಲಿ ಒಂದು ಕಿವಿ ಮೇಲೆ ಒಂದು ಕಿವಿ ಕೆಳಗೆ ಬಂದರೆ, ಬಾಯಲ್ಲಿ ಹಲ್ಲು ಜಾಸ್ತಿಯಾದರೆ ಹಿಡಿದು ತಿದ್ದುವುದು ಅವಳ ಕೆಲಸ. ಅವಳ ಜನ ಹಳಿಯಾಳದ ಕಡೆಯ ಸಿದ್ದಿಗಳು. ಶತಮಾನಗಳ ಹಿಂದೆ ಆಫ್ರಿಕದಿಂದ ಗೋವೆಗೆ ಗುಲಾಮರಾಗಿ ಬಂದು, ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಮರಿಮಕ್ಕಳು. ಆದರೂ ಹುಬ್ಬಳ್ಳಿಯ ಬಸ್ಸಿನಲ್ಲಿ ವಾರಕ್ಕೊಬ್ಬರಾದರೂ ಅವಳ ಗುಂಗುರು ಕೂದಲು ನೋಡಿ “ಯಾವ ದೇಶದಿಂದ ಬಂದೀರಿ?” ಅನ್ನದೆ ಬಿಡುತ್ತಿರಲಿಲ್ಲ. “ಹಳಿಯಾಳ ದೇಶದಿಂದ ಬಂದೇನ್ರಿ, ವೀಸಾ ತೋರಸಲೇನು?” ಅನ್ನುತ್ತಿದ್ದಳು ಇವಳು. ಬಾಯಿ ಗಟ್ಟಿ, ಬಿಡಿ. ಒಳಗೆ ಮಾತ್ರ ಪ್ರತಿ ಸಲವೂ ಉರಿಯುತ್ತಿತ್ತು.

ಅದಕ್ಕಿಂತ ಹೆಚ್ಚು ಉರಿಸಿದ್ದು ಕೊಠಡಿಯ ಗೋಡೆಯ ಮೇಲಿನ ಪರದೆಗಳು. ಅಲ್ಲಿ ಸಿದ್ದಿ ಮುಖ ಬಂದರೆ ಹಲ್ಲು ಕಿಸಿದುಕೊಂಡೇ ಬರುತ್ತಿತ್ತು. ಕಳ್ಳ, ಕಳ್ಳನ ಕೈಯಾಳು, ಕಾಡಿನಿಂದ ಕೇಕೆ ಹಾಕುತ್ತ ಓಡಿಬರುವವನು. ಎಲ್ಲರಿಗೂ ಅದೇ ಅಗಲವಾದ ಕಣ್ಣು, ಅದೇ ಬಿಳಿ ಬಣ್ಣದ ಗೀಟು. ಅವಳು ಮೂಲ ಹುಡುಕಿದಳು. ಸಿಕ್ಕಿತು. ಯಂತ್ರದ ಮುಖಕೋಶದಲ್ಲಿ ಬೇರೆ ಜನರ ಮುಖ ಲಕ್ಷಗಟ್ಟಲೆ ಇದ್ದರೆ ಸಿದ್ದಿಗಳದ್ದು ಒಂದೇ ಒಂದು ತಂಡದ್ದು. ಯಾವುದೋ ಮೆರವಣಿಗೆಗೆ ಹೋಗಿದ್ದ ಡಮಾಮಿ ಕುಣಿತದ ತಂಡ. ಆ ತಂಡದಲ್ಲಿ ಕಾತ್ರಿನ್‌ಳ ಚಿಕ್ಕವ್ವನೂ ಇದ್ದಳು. ಸಂಘಟಕ ಎಲೆಯ ಲಂಗ ತಂದುಕೊಟ್ಟು, ಮುಖಕ್ಕೆ ಬಣ್ಣ ಬಳಿದು, “ಹಲ್ಲು ತೋರಿಸ್ರಿ, ಕಣ್ಣ ಬಿಡ್ರಿ, ಆಫ್ರಿಕಾ ಕಾಣಬೇಕು” ಅಂದಿದ್ದನಂತೆ. ಸಿದ್ದಿ ಹೆಂಗಸರು ಉಡುವುದು ಸೀರೆ. ಎಲೆ ಉಟ್ಟವರನ್ನು ಚಿಕ್ಕವ್ವನ ಮುತ್ತಜ್ಜಿಯೂ ಕಂಡಿರಲಿಲ್ಲ.

ಕಾತ್ರಿನ್ ನೇರ ಹುಯಿಲಗೋಳ ಸರ್ ಹತ್ತಿರ ಹೋದಳು. ಯಂತ್ರ ನೋಡಿಕೊಳ್ಳುವ ವಿಭಾಗಕ್ಕೆ ಅವರೇ ಮುಖ್ಯಸ್ಥರು. ಧಾರವಾಡದವರು, ಮೆತ್ತನೆಯ ಮನುಷ್ಯ.

“ಸರ್, ನಮ್ಮವ್ರು ಮನ್ಯಾಗೂ ಹಿಂಗ ಹಲ್ಲ ಕಿಸಕೊಂಡ ಕುಂದರ್ತಾರ ಅಂತ ಮಾಡೀರೇನು?”

ಅವರು ಪರದೆ ನೋಡಿದರು. ನಿಜವಾಗಿಯೂ ಬೇಸರವಾಯಿತು ಅವರಿಗೆ. “ಕಾತ್ರಿನ್, ಯಂತ್ರಕ್ಕ ಜಾತಿ ಇಲ್ಲ, ಬಣ್ಣ ಇಲ್ಲ. ಕೊಟ್ಟದ್ದನ್ನ ಉಣ್ತದ. ನೀ ಒಳ್ಳೆ ಮುಖ ತಂದು ಕೊಡು. ಸುಮ್ಮನ ಕೂತದ್ದು, ನಕ್ಕದ್ದು, ಉಣ್ಣೂದು, ಮಾತಾಡೂದು. ಒಳ್ಳೆ ಪಾತ್ರಕ್ಕೂ ನಿಮ್ಮ ಮುಖ ಬರ್ತಾವ. ನಾ ಮಾತು ಕೊಡ್ತೀನಿ.”

ಅವರು ಸುಳ್ಳು ಹೇಳಲಿಲ್ಲ. ಅದೇ ಮುಂದೆ ಮುಳುವಾದದ್ದು.

ಆ ವರ್ಷದ ಹಿರಿಯರ ಪೂಜೆಗೆ ಕಾತ್ರಿನ್ ಕ್ಯಾಮೆರಾ ತೆಗೆದುಕೊಂಡು ಊರಿಗೆ ಹೋದಳು. ಸಿದ್ದಿಗಳಲ್ಲಿ ಇಗರ್ಜಿಗೆ ಹೋಗುವವರು, ಮಸೀದಿಗೆ ಹೋಗುವವರು, ಗುಡಿಗೆ ಹೋಗುವವರು ಎಲ್ಲರೂ ಇದ್ದಾರೆ, ಆದರೆ ಹಿರಿಯರ ಹೆಸರಿನ ತೆಂಗಿನಕಾಯಿಯ ಮುಂದೆ ಎಲ್ಲರೂ ಒಂದೇ ಮನೆಯಲ್ಲಿ ಸೇರುತ್ತಾರೆ. ಅಂದು ಸೇರುವವರು ಬೇರೆಯವರಲ್ಲ. ಅಕ್ಕ, ತಂಗಿ, ಚಿಕ್ಕಪ್ಪ, ಸೋದರತ್ತೆ, ಅವರ ಮಕ್ಕಳು. ಒಂದೇ ಬಳ್ಳಿಯ ಕಾಯಿಗಳು. ಕಾತ್ರಿನ್‌ಗೆ ಅದೇ ಅನುಕೂಲವಾಗಿ ಕಂಡಿತು. ಬೇರೆ ಕೇರಿಗಳಿಗೆ ಅಲೆಯುವುದು ಯಾಕೆ, ನಮ್ಮವರು ನನ್ನ ಮಾತಿಗೆ ಕೂರುತ್ತಾರೆ.

ಅವಳ ಅವ್ವ ಮರಿಯವ್ವ ಮಾತ್ರ ಗುರುಗುಟ್ಟಿದಳು. “ಮುಖಾ ಕೊಟ್ಟಮ್ಯಾಲೆ ಇಸಗೋಳಾಕ ಬರತೈತೇನ?”

“ಅವ್ವಾ, ಫೋಟೋ ತೆಗಿಸಿದ್ರ ಮುಖ ಕಳೀತಾವ?”

“ನಂಗೇನ ಗೊತ್ತು. ನೀ ಸಾಲಿ ಕಲತಾಕಿ.”

ಬಸ್ತ್ಯಾಂವ ನಗುತ್ತ ಮುಂದೆ ಬಂದು ಕೂತ. ಅವಳ ಅಣ್ಣ. ಹುಬ್ಬಳ್ಳಿಯಲ್ಲಿ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದ. “ಮೊದಲ ನಂದ ತಗಿ. ಹೀರೋ ಮಾಡಸು. ಇಲ್ಲಾಂದ್ರ ಡಾಕ್ಟರ್.” ಅಪ್ಪನ ಹುಬ್ಬು, ಅವ್ವನ ಬಾಯಿ, ಚಿಕ್ಕಪ್ಪನ ಗಲ್ಲ, ಎಲ್ಲವೂ ಅವನೊಬ್ಬನಲ್ಲೇ ಸೇರಿದ್ದವು. ಇಡೀ ಮನೆತನದ ಅಚ್ಚು ಅಂತ ಹಿರಿಯರು ತಮಾಷೆ ಮಾಡುತ್ತಿದ್ದರು. ಎಲ್ಲರೂ ಕೂತರು, ನಕ್ಕರು, ಉಂಡರು. ಕ್ಯಾಮೆರಾ ನೋಡಿತು.

ಮೊದಲ ಕೆಲವು ತಿಂಗಳು ಹುಯಿಲಗೋಳ ಸರ್ ಕೊಟ್ಟ ಮಾತು ಅಕ್ಷರಶಃ ನಡೆಯಿತು. ‘ಏಳು ಮಕ್ಕಳ ಮನೆ’ಯ ಮೇಷ್ಟ್ರು ಅನೇಕ ಮನೆಗಳಲ್ಲಿ ಸಿದ್ದಿಯಾದ. ಊರಿನ ದಾದಿ ಸಿದ್ದಿಯಾದಳು. ನೋಡುವವರಿಗೆ ಹೊಸತು ಅನ್ನಿಸಿತು, ಹಿಡಿಸಿತು. ಬಸ್ಸಿನಲ್ಲಿ ಒಬ್ಬ ಮುದುಕಿ ಕಾತ್ರಿನ್‌ಳ ಕೈಹಿಡಿದು “ಯವ್ವಾ, ನೀ ನಮ್ಮ ಮಾಸ್ತರ ಕಡ್ಯಾಕಿ ಏನ? ಭಾಳ ಚೊಲೋ ಮನಶ್ಯಾ” ಅಂದಳು. ಎರಡು ವರ್ಷದಿಂದ “ಮನಿ ಈಗರೆ ಕೊಟ್ಟಬಿಟ್ಟಿವಿ” ಅನ್ನುತ್ತಿದ್ದ ಓಣಿಯಲ್ಲಿ ಸುನಂದಕ್ಕ ಎಂಬಾಕೆ ಮಹಡಿಯ ಮೇಲಿನ ಮನೆ ಬಾಡಿಗೆಗೆ ಕೊಟ್ಟಳು. ಕಾತ್ರಿನ್, ಅಣ್ಣ, ಅವ್ವ ಮೂವರೂ ಬಂದು ಇಳಿದರು. ಸುನಂದಕ್ಕನ ಮಗಳು ಎರಡನೇ ಕ್ಲಾಸಿನ ಚಿನ್ಮಯಿ ಬಸ್ತ್ಯಾಂವನ ವ್ಯಾನಿನಲ್ಲೇ ಶಾಲೆಗೆ ಹೊರಟಳು, ಮುಂದಿನ ಸೀಟು ತನ್ನದೇ ಅಂತ ಹಟ ಹಿಡಿದು. ಓಣಿಯ ಎಲ್ಲ ಮಕ್ಕಳಿಗೂ ಅವನು ಬಸ್ತು ಮಾಮಾ.

ಕಾತ್ರಿನ್ ಹಿಗ್ಗಿಬಿಟ್ಟಳು. ಯಾಕೆ ಹಿಗ್ಗಬಾರದು? ತಲೆಮಾರುಗಳಿಂದ ಯಾರ ಕೈಲೂ ಆಗದ್ದನ್ನು ಒಂದು ಕ್ಯಾಮೆರಾ ಮಾಡಿತ್ತು.

ಒಂದು ಬೆಳಿಗ್ಗೆ ಅವಳು ಕೊಠಡಿಗೆ ಹೋದಾಗ ಗೋಡೆಯ ಮೇಲಿನ ಒಂದು ಪರದೆಯಲ್ಲಿ ಬಸ್ತ್ಯಾಂವ ಕೂತಿದ್ದ. ಅವನಂಥವನಲ್ಲ, ಅವನೇ. ಅವನ ಬಾಯಿ, ಅವನ ನಗು, ಮಕ್ಕಳನ್ನು ಕರೆಯುವಾಗ ತಲೆ ವಾಲಿಸುವ ಅವನದೇ ರೀತಿ. ಕೈಯಲ್ಲಿ ಗೋಣಿಚೀಲ. ಚೀಲದೊಳಗೆ ಏನೋ ಮಿಸುಕಾಡುತ್ತಿತ್ತು.

ಅದು ಯಾವ ಮನೆಗೆ ಹೋಗುತ್ತಿದೆ ಎಂದು ನೋಡಿದಳು. ಅವರದೇ ಓಣಿ. ಪಕ್ಕದ ಮನೆ? ಅಲ್ಲೂ ಅವನೇ. ಎದುರು ಮನೆ, ಮೂಲೆಯ ಮನೆ, ವ್ಯಾನಿಗೆ ಮಕ್ಕಳು ಹತ್ತುವ ಮನೆಗಳೆಲ್ಲ. ಎರಡು ಓಣಿ ಆಚೆ ನೋಡಿದರೆ ಬೇರೆ ಬೇರೆ ಮುಖಗಳು. ಕಾತ್ರಿನ್ ಓಡಿಹೋಗಿ ಹುಯಿಲಗೋಳ ಸರ್‌ರನ್ನು ಕರೆತಂದಳು.

ಹುಯಿಲಗೋಳ ಸರ್ ಲೆಕ್ಕ ತೆಗೆಸಿ ನೋಡಿದರು. ನೋಡುತ್ತ ನೋಡುತ್ತ ಅವರ ದನಿ ಸಣ್ಣಗಾಯಿತು. “ಬ್ಯಾರೆ ಮಂದೀದು ಲಕ್ಷ ಮುಖ ಅವ. ಕಲಸಿದ್ರ ಹುಟ್ಟೂ ಮುಖ ಯಾರ ಹಂಗೂ ಇರೂದಿಲ್ಲ. ನೀ ತಂದದ್ದು ಒಂದ ಮನಿತನದ್ದು, ಕಾತ್ರಿನ್. ಹೆಂಗ ಕಲಸಿದ್ರೂ ನಿಮ್ಮ ಅಣ್ಣನ ಹುಟ್ತಾನ.”

“ಆದ್ರ ನಮ್ಮ ಓಣಿಗೆ ಯಾಕ್ರಿ ಸರ್? ಅಲ್ಲೆ ಎಲ್ಲಾರಿಗೂ ಅಂವ ಬೇಕಾದಂವ. ಹುಡುಗರು ಅವನ ಕೊಳ್ಳಾಗ ಜೋತ ಬೀಳ್ತಾವ.”

“ಅದಕ್ಕ.” ಅವರು ಕನ್ನಡಕ ತೆಗೆದರು. “ಗುರ್ತಿಲ್ಲದ ಮುಖಾ ಕಂಡ್ರ ಎದಿ ಒಂದಿಷ್ಟು ಬಡೀತದ, ಆಮ್ಯಾಲೆ ರೂಢಿ ಆಗ್ತದ. ನಂಬಿದ ಮುಖಾ ಕೈ ಕೊಟ್ರ ಹಂಗಲ್ಲ. ನಿಲ್ಲೂದ ಇಲ್ಲ. ಯಂತ್ರ ಅದನ್ನ ಕಲ್ತದ. ಅಲ್ಲೆ ಅವನ ಮ್ಯಾಲೆ ಎಷ್ಟು ವಿಶ್ವಾಸ ಅದನೋ ಅಷ್ಟು ನಾಡಿ ಏರಲಿಕ್ಕೆ ಹತ್ಯದ.”

“ತಗದ ಹಾಕ್ರಿ.”

“ಒಂದ ಮುಖಾ ತಗೀಲಿಕ್ಕೆ ಬರೂದಿಲ್ಲ. ಕಲಸಿದ ಹಿಟ್ಟಿನ್ಯಾಗಿಂದ ಒಂದ ಕಾಳು ತಗದಂಗ ಆಗ್ತದ. ತಗದ್ರ ಸಿದ್ದಿಗಳ ಕೋಶ ಪೂರ್ತಿ ತಗೀಬೇಕು. ಮಾಸ್ತರ, ದಾದಿ, ಎಲ್ಲಾ ಹೋಗ್ತಾರ. ಮ್ಯಾಲಿನವರಿಗೆ ಬರದೀನಿ. ಧಾರಾವಾಹಿ ಈ ಘಟ್ಟ ದಾಟೂ ತನಕ ತಡಿ ಅಂತಾರ.”

ಮ್ಯಾಲಿನವರು ಮುಂಬಯಿಯಲ್ಲಿದ್ದರು. ಅಲ್ಲಿಂದ ನೋಡಿದರೆ ಹುಬ್ಬಳ್ಳಿಯ ಒಂದು ಓಣಿ ಅನ್ನುವುದು ಏರುತ್ತಿರುವ ಗೆರೆ, ಅಷ್ಟೇ. ಏರುವ ಗೆರೆಯನ್ನು ಯಾವ ಮೂರ್ಖ ಇಳಿಸುತ್ತಾನೆ?

ಅವತ್ತು ಸಂಜೆ ಕಾತ್ರಿನ್ ಮನೆಗೆ ಬಂದಾಗ ಪೆಟ್ಟಿಗೆ ಹಚ್ಚಿತ್ತು. ತಮ್ಮ ಮನೆಯಲ್ಲೂ ಅವನೇ. ಬಸ್ತ್ಯಾಂವ ಚಾಪೆಯ ಮೇಲೆ ಕೂತು, ಮುಂದಿದ್ದ ತಟ್ಟೆಯನ್ನೂ ಮರೆತು ತನ್ನನ್ನೇ ನೋಡುತ್ತಿದ್ದ. ಅವನ ಎದೆ ಬೇರೆ ಯಾರ ಮುಖಕ್ಕೂ ಅಷ್ಟು ಬಡಿದುಕೊಂಡಿರಲಿಲ್ಲ ಅಂತ ಕಾಣುತ್ತದೆ.

“ಬಂದ್ ಮಾಡೋ ಅದನ್ನ,” ಮರಿಯವ್ವ ಗದರಿದಳು. “ನಿನ್ನ ಹೆಣಾ ನೀನ ನೋಡಿದಂಗಾಗತೈತಿ.”

“ತಡಿ ಅವ್ವಾ. ನಾ ಏನ್ ಮಾಡತೀನಿ ನೋಡೂಣು.”

“ನೀ ಅಲ್ಲಣ್ಣಾ ಅಂವ,” ಅಂದಳು ಕಾತ್ರಿನ್.

“ಗೊತ್ತೈತಿ ಮಾರಾಯ್ತಿ,” ಎಂದು ನಕ್ಕ. ನಕ್ಕರೂ ಕಣ್ಣು ಮಾತ್ರ ಈಚೆ ತೆಗೆಯಲಿಲ್ಲ.

ಓಣಿಯವರೂ ಮೊದಮೊದಲು ನಕ್ಕರು. “ಏನೋ ಬಸ್ತು, ಸ್ಟಾರ್ ಆಗಿಬಿಟ್ಟಿ!” ಎಂದು ಬೆನ್ನು ತಟ್ಟಿದರು. ಇವನೂ ಗೋಣಿಚೀಲ ಹೊತ್ತವನಂತೆ ಅಣಕಿಸಿ ನಗಿಸಿದ. ಆಮೇಲೆ ಒಂದು ದಿನ, ಎಂದೂ ಮುಖದ ಸುದ್ದಿ ಎತ್ತದ ಹೆಂಗಸರು ನಲ್ಲಿಯ ಹತ್ತಿರ ಆ ಸುದ್ದಿಯನ್ನೇ ಎತ್ತಿದರು. ನಿಮ್ಮ ಮನೆಯಲ್ಲೂ ಅವನೇನಾ? ಹೌದು. ನಿಮ್ಮಲ್ಲಿ? ನಮ್ಮಲ್ಲೂ. ಪ್ರತಿ ಪೆಟ್ಟಿಗೆಯೂ ಅದರದರ ಪಾಡಿಗೆ ಮುಖ ಆರಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗಿದ್ದ ಮೇಲೆ ಎಲ್ಲ ಪೆಟ್ಟಿಗೆಗಳೂ ಒಬ್ಬನನ್ನೇ ಆರಿಸಿವೆ ಅಂದರೆ?

“ಎಲ್ಲಾರ ಮನ್ಯಾಗೂ ಅವನ ಅಂದಮ್ಯಾಲೆ ಏನರ ಇರಬೇಕವಾ,” ಅಂದಳು ಮೂಲೆಯ ಮನೆಯಾಕೆ. “ಮಷೀನಿಗೇನ ಅವನ ಮ್ಯಾಲೆ ಹಗೇನ?”

ಇಷ್ಟು ಸಾಕಾಯಿತು. ಒಂದು ಮನೆಯವರು ಮಗುವನ್ನು ತಾವೇ ಶಾಲೆಗೆ ಬಿಡತೊಡಗಿದರು. ಮತ್ತೊಂದು ಮನೆಯವರು ಕಾರಣ ಹೇಳದೆ ನಿಲ್ಲಿಸಿದರು. ಸುನಂದಕ್ಕ ಮೆಟ್ಟಿಲ ಹತ್ತಿರ ಕಾತ್ರಿನ್‌ಳನ್ನು ತಡೆದು, ಸೆರಗು ತಿರುವುತ್ತ, “ತಪ್ಪ ತಿಳೀಬ್ಯಾಡವಾ. ನಮ್ಮವರು ಹಟ ಹಿಡದಾರ. ಮುಂದಿನ ತಿಂಗಳ ಬ್ಯಾರೆ ಕಡೆ ನೋಡಕೋರಿ” ಅಂದಳು. ಅವಳಿಗೆ ಬಸ್ತ್ಯಾಂವನ ಮೇಲೆ ನಿಜವಾಗಿ ಅಕ್ಕರೆ ಇತ್ತು, ಚಿನ್ಮಯಿಯನ್ನು ಇನ್ನೂ ಅವನ ವ್ಯಾನಿನಲ್ಲೇ ಕಳಿಸುತ್ತಿದ್ದಳು. ಆ ಅಕ್ಕರೆಯನ್ನೇ ಪೆಟ್ಟಿಗೆ ದಿನಾ ಸಂಜೆ ಹಿಂಡಿ ಹೆದರಿಕೆ ಮಾಡುತ್ತಿತ್ತು.

“ಅಣ್ಣಾ, ಸ್ವಲ್ಪ ದಿನ ಗಾಡಿ ಬಿಡು,” ಎಂದು ಕಾತ್ರಿನ್ ಅಂಗಲಾಚಿದಳು. “ಊರಿಗೆ ಹೋಗಿ ಇರು.”

“ಓಡಿಹೋದ್ರ ಖರೆ ಅಂದಂಗ ಆಗತೈತಿ.” ಬಸ್ತ್ಯಾಂವ ವ್ಯಾನಿನ ಗಾಜು ಒರೆಸುತ್ತಿದ್ದ. “ದೊಡ್ಡವರು ಟಿವಿ ನೋಡ್ಲಿ. ಹುಡುಗರು ನನ್ನ ನೋಡ್ತಾವ. ಹುಡುಗರಿಗೆ ನಾ ಯಾರಂತ ಗೊತ್ತೈತಿ.”

ಕಾತ್ರಿನ್ ಹಲ್ಲು ಕಚ್ಚಿ ಮುಂಬಯಿಯ ಉತ್ತರಕ್ಕೆ ಕಾದಳು. ಒಂದು ಮಧ್ಯಾಹ್ನ ಹುಯಿಲಗೋಳ ಸರ್ ಬಂದು, “ಇನ್ನ ಎರಡ ವಾರ ಅಂತಾರ” ಎಂದು ನೆಲ ನೋಡುತ್ತ ಹೇಳಿದರು. ಅವಳು ಸೀದಾ ಹೋಗಿ ತನ್ನ ಜಾಗದಲ್ಲಿ ಕೂತಳು, ಸಿದ್ದಿಗಳ ಕೋಶ ತೆರೆದಳು. ಚಿಕ್ಕಪ್ಪ ಉಣ್ಣುತ್ತಿದ್ದ, ಸೋದರತ್ತೆ ನಗುತ್ತಿದ್ದಳು, ಅವ್ವ ಕ್ಯಾಮೆರಾವನ್ನು ದುರುಗುಟ್ಟಿ ನೋಡುತ್ತಿದ್ದಳು. ಪೂರ್ತಿ ಅಳಿಸಲೇ ಎಂದು ಯಂತ್ರ ಕೇಳಿತು. ಹೌದು ಅಂದಳು. ಖಚಿತವೇ ಎಂದು ಇನ್ನೊಮ್ಮೆ ಕೇಳಿತು. ಗೋಡೆಯ ಪರದೆಗಳಲ್ಲಿ ಮೇಷ್ಟ್ರು ಕರಗಿ ಬೇರೆ ಮೇಷ್ಟ್ರಾದ, ದಾದಿ ಬೇರೆ ದಾದಿಯಾದಳು, ಬಸ್ತ್ಯಾಂವ ಇದ್ದಲ್ಲೆಲ್ಲ ಬೇರೆ ಯಾರೋ ಬಡಪಾಯಿ ಚೀಲ ಹಿಡಿದು ನಿಂತ. ಇಡೀ ನಾಡಿನ ಯಾವ ಪರದೆಯಲ್ಲೂ ಒಬ್ಬ ಸಿದ್ದಿಯೂ ಉಳಿಯಲಿಲ್ಲ. ನನ್ನ ಕೈಯಾರೆ ತಂದೆ, ನನ್ನ ಕೈಯಾರೆ ಒರೆಸಿದೆ ಎಂದು ಅವಳಿಗೆ ಅಳು ಉಕ್ಕಿ ಬಂತು. ಹುಯಿಲಗೋಳ ಸರ್ ಬೈಯಲಿಲ್ಲ. “ನಿನ್ನ ಕೆಲಸ ಹೋಗ್ತದ” ಅಂದರು. “ಹೋಗ್ಲಿ ಬಿಡ್ರಿ” ಅಂದಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

ಆದದ್ದು ಇಷ್ಟೇ. ಶಾಲೆಯಿಂದ ಬರುವಾಗ ಬೈಪಾಸಿನ ಹತ್ತಿರ ವ್ಯಾನು ಪಂಕ್ಚರ್ ಆಗಿತ್ತು. ಬಸ್ತ್ಯಾಂವ ಉಳಿದಿದ್ದ ನಾಲ್ಕಾರು ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಬಾರದೆಂದು ಒಳಗೇ ಕೂರಿಸಿ, ಬಾಗಿಲು ಹಾಕಿ, ಗಾಲಿ ಬಿಚ್ಚುತ್ತಿದ್ದ. ಮಕ್ಕಳು ಹೊತ್ತಿಗೆ ಸರಿಯಾಗಿ ಬರಲಿಲ್ಲವೆಂದು ಓಣಿಯ ಗಂಡಸರು ಬೈಕು ಹತ್ತಿ ಹುಡುಕುತ್ತ ಬಂದರು. ಹೆದ್ದಾರಿಯ ಪಕ್ಕ ನಿಂತ ವ್ಯಾನು, ಒಳಗೆ ಮಕ್ಕಳು, ಹಾಕಿದ ಬಾಗಿಲು, ಹೊರಗೆ ಆ ಮುಖ. ಅವರಲ್ಲಿ ಯಾರೂ ಏನನ್ನೂ ಕೇಳಲಿಲ್ಲ. ಕೇಳುವ ಅಗತ್ಯವೂ ಅವರಿಗೆ ಕಾಣಲಿಲ್ಲ, ವಾರಗಟ್ಟಲೆ ನೋಡಿದ್ದ ಕಥೆ. ಅವನ ಕೈಯಲ್ಲಿದ್ದ ಜಾಕಿಯ ಸಲಾಕೆಯನ್ನೇ ಕಿತ್ತುಕೊಂಡರು. ಮುಂದೆ ನಿಂತವನು ಸುನಂದಕ್ಕನ ಗಂಡ.

ಬಸ್ತ್ಯಾಂವ ಉಳಿದ. ಪಕ್ಕೆಲುಬು ಮುರಿದಿತ್ತು, ಒಂದು ಕಣ್ಣು ಹೋಗಿತ್ತು, ತಲೆಗೆ ಹೊಲಿಗೆ ಬಿದ್ದಿತ್ತು. ಆಸ್ಪತ್ರೆಯಲ್ಲಿ ಅವನ ಕೋಣೆಯ ಬಾಗಿಲ ಹತ್ತಿರ ಒಬ್ಬ ಕಾನ್‌ಸ್ಟೇಬಲನನ್ನು ಕೂರಿಸಿದ್ದರು. ಕಾವಲಿಗೆ ಅಂದುಕೊಂಡಿದ್ದಳು ಕಾತ್ರಿನ್. ಅಲ್ಲ. ಓಣಿಯವರು ಅವನ ಮೇಲೆ ಮಕ್ಕಳ ಅಪಹರಣದ ದೂರು ಕೊಟ್ಟಿದ್ದರು.

ಪಿಎಸ್‌ಐ ಮೇಡಂ ಒಳ್ಳೆಯವಳೇ. “ವ್ಯಾನಿನ್ಯಾಗಿನ ಉಳಿದ ಹುಡುಗರು ಸಣ್ಣವು. ಬರೇ ಅಳ್ತಾವ,” ಎಂದು ಕಾತ್ರಿನ್‌ಗೆ ಹೇಳಿದಳು. “ಮುಂದ ಕುಂತ ಹುಡಿಗಿ ಶಾಣ್ಯಾ ಅದಾಳ ಅಂತ. ಆಕಿ ಪಂಕ್ಚರ್ ಆಗಿತ್ತು ಅಂತ ಒಂದ ಮಾತ ಹೇಳಿದ್ರ ಕೇಸ್ ನಿಲ್ಲಂಗಿಲ್ಲ. ಬಡದವರನ್ನ ನಾ ಒಳಗ ಹಾಕ್ತೀನಿ.”

ಕಾತ್ರಿನ್ ತಾಯಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಚಿನ್ಮಯಿ ಹೇಳುತ್ತಾಳೆ. ಚಿನ್ಮಯಿ ಹೇಳದೆ ಇನ್ನಾರು ಹೇಳಬೇಕು?

ಮರುದಿನ ಬೆಳಿಗ್ಗೆ ಸುನಂದಕ್ಕ ಮಗಳನ್ನು ಕರೆತಂದಳು. ಹುಡುಗಿ ಬ್ಯಾಂಡೇಜು ನೋಡಿ ಬಾಗಿಲಲ್ಲೇ ನಿಂತಿತು, ಆಮೇಲೆ ಓಡಿಬಂದು ಬಸ್ತ್ಯಾಂವನ ಬೆರಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಿತು. “ಮಾಮಾ, ನೋಯಾಕತ್ತೈತಿ?” ಅವನು ಇಲ್ಲವೆಂದು ತಲೆಯಾಡಿಸಿದ. ಮರಿಯವ್ವ ಸೆರಗಿನಿಂದ ಕಣ್ಣೊತ್ತಿಕೊಂಡಳು. ಕಾತ್ರಿನ್‌ಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

“ಪುಟ್ಟಿ, ಅವತ್ತ ಏನಾತು ಹೇಳು,” ಅಂದಳು ಪಿಎಸ್‌ಐ.

“ಟೈರ್ ಢಬ್ ಅಂತು. ಮಾಮಾ ನಮಗ ಒಳಗ ಕುಂದರ್ರಿ ಅಂದ್ರು. ಬಿಸಿಲ ಐತಿ ಅಂದ್ರು. ಪೇಪರಮಿಂಟ್ ಕೊಟ್ರು.”

“ಶಾಣ್ಯಾಕಿ. ಆಮ್ಯಾಲೆ?”

“ಆಮ್ಯಾಲೆ ನನ್ನ ಹಿಡದು ಚೀಲದಾಗ ಹಾಕಿದ್ರು.”

ಸುನಂದಕ್ಕ ಮಗಳಿಗೆ ಹೇಳಿಕೊಟ್ಟಿರಲಿಲ್ಲ. ಅವಳ ಮುಖ ನೋಡಿದರೇ ತಿಳಿಯುತ್ತಿತ್ತು, ಅವಳೇ ಬೆಚ್ಚಿ ಬಿದ್ದಿದ್ದಳು.

“ಯಾವ ಚೀಲ?” ಪಿಎಸ್‌ಐ ಮೆಲ್ಲಗೆ ಕೇಳಿದಳು. “ಟಿವಿಯಾಗ ನೋಡಿದ್ದೇನ ಪುಟ್ಟಿ?”

ಹುಡುಗಿ ಯೋಚಿಸಿತು. ಸುಳ್ಳು ಹೇಳುವ ಮಗು ಹಾಗೆ ಯೋಚಿಸುವುದಿಲ್ಲ. “ಇಲ್ಲರಿ. ಒಳಗ ಕತ್ತಲಿತ್ತು. ಗೋಣಿ ವಾಸನಿ. ನಾ ಅಳಾಕತ್ತಿದ್ದೆ. ಪಪ್ಪಾ ಬಂದು ಬಿಡಿಸಿದ್ರು.” ಇಷ್ಟು ಹೇಳಿ ಬಸ್ತ್ಯಾಂವನ ಬೆರಳನ್ನು ಇನ್ನೂ ಗಟ್ಟಿಯಾಗಿ ಹಿಡಿಯಿತು. “ಆದ್ರ ಮಾಮಾಗ ಬಡೀಬ್ಯಾಡ್ರಿ. ಮಾಮಾ ಚೊಲೋ ಅದಾರ.”

“ಅಯ್ಯೋ ನನ್ನವ್ವಾ, ಎಂಥಾ ಚೀಲ, ಎಲ್ಲಿ ಚೀಲ!” ಮರಿಯವ್ವ ಚೀರಿದಳು. ಮಗು ಹೆದರಿ ತಾಯಿಯ ಸೆರಗಿನೊಳಗೆ ಹೊಕ್ಕಿತು. ಪಿಎಸ್‌ಐ ಪುಸ್ತಕ ಬಿಚ್ಚಿ ಪೆನ್ನು ತೆಗೆದಳು. ಕೊನೆಗೆ, “ಹುಡಿಗಿ ಹೇಳಿದ್ದ ನಾ ಬರಕೋಬೇಕಾಗತೈತಿ. ನನ್ನ ಕೈಯಾಗ ಇಲ್ಲ” ಎಂದು ಕಾತ್ರಿನ್‌ಳ ಕಣ್ಣು ತಪ್ಪಿಸಿ ಹೊರಟುಹೋದಳು.

ಎಲ್ಲರೂ ಹೋದ ಮೇಲೆ ಕಾತ್ರಿನ್ ಮಂಚದ ಅಂಚಿಗೆ ಕೂತಳು. ವಕೀಲರನ್ನು ಹಿಡಿಯಬೇಕು, ಹುಯಿಲಗೋಳ ಸರ್‌ರಿಂದ ಸಾಕ್ಷಿ ಹೇಳಿಸಬೇಕು, ಪೆಟ್ಟಿಗೆ ಏನು ಮಾಡಿತು ಅನ್ನುವುದನ್ನು ಕೋರ್ಟಿನಲ್ಲಿ ತೋರಿಸಬೇಕು. ಇದನ್ನೆಲ್ಲ ಅಣ್ಣನಿಗೆ ಹೇಳುತ್ತ ಹೋದಳು. ಧೈರ್ಯ ಅವನಿಗೆ ಬೇಕಿತ್ತೋ ಅವಳಿಗೆ ಬೇಕಿತ್ತೋ.

“ಕಾತ್ರಿ,” ಅಂದ ಅವನು. ದನಿ ಒಡೆದಿತ್ತು. “ಆ ಚೀಲಾ ನಾ ಎಲ್ಲಿ ಒಗದೆ?”

“ಚೀಲ ಇರಲಿಲ್ಲಣ್ಣಾ. ನಿನ್ನ ಕೈಯಾಗ ಇದ್ದದ್ದು ಜಾಕಿ ಸಲಾಕಿ.”

“ಇತ್ತು. ನಾ ನೋಡೇನಿ. ದಿನಾ ನೋಡೇನಿ. ನಂದ ಕೈ, ನಂದ ಮಾರಿ.” ಉಳಿದ ಒಂದು ಕಣ್ಣಿನಿಂದ ಅವಳನ್ನೇ ನೋಡಿದ. “ಆ ಹುಡಿಗಿ ಯಾವತ್ತೂ ಸುಳ್ಳ ಹೇಳಂಗಿಲ್ಲ, ಕಾತ್ರಿ. ನನ್ನ ಬಾಜೂನ ಕುಂದರ್ತಾಳ.”

“ಇಲ್ಲಣ್ಣಾ. ಇಲ್ಲ, ಇಲ್ಲ. ನೀ ಏನೂ ಮಾಡಿಲ್ಲ. ನಾ ಮಾಡೇನಿ, ನಾ ತಂದು ಇಟ್ಟೆ ನಿನ್ನ ಅಲ್ಲೆ.” ಅವನ ಎರಡೂ ಕೈ ಹಿಡಿದುಕೊಂಡು ಅವಳು ಅದನ್ನೇ ಹೇಳಿದಳು, ಮತ್ತೆ ಮತ್ತೆ ಹೇಳಿದಳು.

ಬಸ್ತ್ಯಾಂವ ಸಣ್ಣ ಮಕ್ಕಳ ಮಾತಿಗೆ ಹೂಂಗುಟ್ಟುವವನಂತೆ ತಲೆಯಾಡಿಸಿದ. ಆಮೇಲೆ ತಂಗಿಯ ಹಿಡಿತದಿಂದ ಒಂದು ಕೈ ಬಿಡಿಸಿಕೊಂಡು, ಬಾಗಿಲ ಹತ್ತಿರ ಕೂತಿದ್ದ ಕಾನ್‌ಸ್ಟೇಬಲನನ್ನು “ಬರ್ರಿ, ನಾ ಹೇಳ್ತೀನಿ, ಬರಕೋರಿ” ಎಂದು ಕರೆದ.